ಡೊಮೈನ್, ಹೋಸ್ಟಿಂಗ್, ಡಿಎನ್‌ಎಸ್, ಎಸ್‌ಎಸ್‌ಎಲ್: ಯಾವುದು ಏನು? ಅಪ್ಪನ ನರ್ಸರಿ ಸೈಟ್ ನಿಂತುಹೋಗಿದೆ

ಸಸಿತೋಟ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಪ್ಪ ನರ್ಸರಿ ಇಟ್ಟಿದ್ದಾರೆ. ಅಪ್ಪೆಮಿಡಿ ಕಸಿ ಗಿಡ, ಕಾಳುಮೆಣಸಿನ ಬಳ್ಳಿ, ಅಡಿಕೆ ಸಸಿ, ಸ್ವಲ್ಪ ಜಾಯಿಕಾಯಿ. 5 ವರ್ಷದ ಹಿಂದೆ ಪರಿಚಯದ ಹುಡುಗನೊಬ್ಬ ವೆಬ್‌ಸೈಟ್ ಮಾಡಿಕೊಟ್ಟಿದ್ದ. ವರ್ಷಕ್ಕೊಮ್ಮೆ ಅವನಿಗೆ ದುಡ್ಡು ಕಳಿಸುತ್ತಿದ್ದೆವು, ಅವನು ಏನೋ ಕಟ್ಟುತ್ತಿದ್ದ, ಏನು ಅಂತ ನಾವು ಕೇಳಲೂ ಇಲ್ಲ. ಈಗ 3 ವಾರದಿಂದ ಸೈಟ್ ತೆಗೆದರೆ ನಮ್ಮ ಗಿಡಗಳ ಬದಲು ಯಾವುದೋ ಜಾಹೀರಾತಿನ ಪುಟ ಬರುತ್ತಿದೆ. ಹುಡುಗನ ಫೋನ್ ಸ್ವಿಚ್ ಆಫ್. ಮಳೆ ಹಿಡಿಯುವ ಮುಂಚೆಯೇ ಜನ ಸಸಿ ಕೇಳಿ ಫೋನ್ ಮಾಡುವುದು, ಅದೇ ಹೊತ್ತಿಗೆ ಹೀಗಾಗಿದೆ.

ಪೇಟೆಯಲ್ಲಿ ಒಬ್ಬರನ್ನು ಕೇಳಿದೆ. "ಡೊಮೈನ್ ಎಕ್ಸ್‌ಪೈರ್ ಆಗಿರಬೇಕು, ಹೋಸ್ಟಿಂಗ್ ಎಲ್ಲಿದೆ, ಸಿಪ್ಯಾನೆಲ್ ಪಾಸ್‌ವರ್ಡ್ ಇದೆಯಾ, ಎಸ್‌ಎಸ್‌ಎಲ್ ಬೇರೆ ಹಾಕಬೇಕು, ಡಿಎನ್‌ಎಸ್ ಬದಲಾಯಿಸಬೇಕು" ಅಂತ ಒಂದೇ ಉಸಿರಿಗೆ ಹೇಳಿ, ಹೊಸದು ಮಾಡಲು 35 ಸಾವಿರ ಅಂದರು. ನನಗೆ ಒಂದು ಪದವೂ ತಿಳಿಯಲಿಲ್ಲ. ಬಿಕಾಂ ಓದಿದ್ದೇನೆ, ಲೆಕ್ಕಪತ್ರ ನೋಡುತ್ತೇನೆ, ಆದರೆ ಈ ಮಾತುಗಳು ಗೊತ್ತಿಲ್ಲದೆ ಯಾವುದಕ್ಕೆ ಎಷ್ಟು ಕೊಡಬೇಕು ಅಂತಲೇ ಗೊತ್ತಾಗುತ್ತಿಲ್ಲ. ಯಾರಾದರೂ ನಮ್ಮ ಮಾತಿನಲ್ಲಿ ಹೇಳುತ್ತೀರಾ?

ಕೆಳಗಿನಮನೆ:

ಮೊದಲು ಒಂದು ಧೈರ್ಯದ ಮಾತು. ಅವಧಿ ಮುಗಿದ ಡೊಮೈನನ್ನು, ಅಂದರೆ ಸೈಟಿನ ಹೆಸರನ್ನು, ಅದನ್ನು ಕೊಟ್ಟ ಕಂಪನಿ ಸ್ವಲ್ಪ ದಿನ ತನ್ನ ಹತ್ತಿರವೇ ಇಟ್ಟುಕೊಂಡಿರುತ್ತದೆ, ಆ ಹೊತ್ತಿನಲ್ಲಿ ಇಂಥ ಜಾಹೀರಾತಿನ ಪುಟ ಬರುತ್ತದೆ. ಹಾಗಾಗಿ ನಿಮ್ಮ ಹೆಸರು ಇನ್ನೂ ಕೈಬಿಟ್ಟು ಹೋಗದೇ ಇರಬಹುದು. 35 ಸಾವಿರ ಯಾರಿಗೂ ಕೊಡಬೇಡಿ. ಮೊದಲು ಪದಗಳು.

ನಾನೂ ನಿಮ್ಮ ಕಡೆಯವನೇ, ಈಗ ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ. ನಮ್ಮೂರಿನ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮಲ್ಲಿ ಮನೆಗೆ ಹೆಸರಿರುತ್ತದೆ ಅಲ್ವಾ, ಮೇಲಿನಮನೆ, ಕೆಳಗಿನಮನೆ, ಹೊಸಮನೆ ಅಂತ. ಪಂಚಾಯ್ತಿಯ ಮನೆ ನಂಬರ್ ನೆನಪಿಟ್ಟುಕೊಂಡವರು ಯಾರೂ ಇಲ್ಲ. ಆದರೂ ಕಾಗದ ಬರುತ್ತದೆ, ಯಾಕೆಂದರೆ ಯಾವ ಹೆಸರು ಯಾವ ಮನೆ ಅಂತ ಪೋಸ್ಟ್‌ಮ್ಯಾನ್‌ಗೆ ಗೊತ್ತು. ಇಂಟರ್ನೆಟ್‌ನಲ್ಲಿ ಪ್ರತಿ ಯಂತ್ರಕ್ಕೂ ಒಂದು ನಂಬರ್ ಇರುತ್ತದೆ, 203.0.113.25 ಈ ಥರ. ಅದೇ ಐಪಿ ವಿಳಾಸ. ಈ 4 ತುಂಡಿನ ಪದ್ಧತಿಯಲ್ಲಿ ಒಟ್ಟು ಸುಮಾರು 430 ಕೋಟಿ ನಂಬರ್ ಮಾತ್ರ ಸಾಧ್ಯ, ಅದು ಸಾಲದೆ ಐಪಿವಿ6 ಅಂತ ಇನ್ನೂ ಉದ್ದದ ನಂಬರ್ ಬಂದಿದೆ. ಮನುಷ್ಯರಿಗೆ ನಂಬರ್ ನೆನಪಿರುವುದಿಲ್ಲ, ಹೆಸರು ನೆನಪಿರುತ್ತದೆ. ಆ ಹೆಸರೇ ಡೊಮೈನ್. ಯಾವ ಹೆಸರಿಗೆ ಯಾವ ನಂಬರ್ ಅಂತ ಹೇಳಿಕೊಡುವ ಪೋಸ್ಟ್‌ಮ್ಯಾನ್ ಡಿಎನ್‌ಎಸ್. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅನ್ನುವವರು ಇದನ್ನು ರೂಪಿಸಿದರು. ಅದಕ್ಕೂ ಮೊದಲು ಎಲ್ಲಾ ಹೆಸರು ನಂಬರ್‌ಗಳನ್ನು ಒಂದೇ ಫೈಲ್‌ನಲ್ಲಿ ಬರೆದಿಟ್ಟು, ಎಲ್ಲರೂ ಅದರ ಪ್ರತಿ ತರಿಸಿಕೊಳ್ಳುತ್ತಿದ್ದರು.

ಇನ್ನು ಹೋಸ್ಟಿಂಗ್. ನಿಮ್ಮ ಪುಟ, ಫೋಟೋ ಎಲ್ಲಾ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಇರಬೇಕು, ಅದು ಹಗಲೂ ರಾತ್ರಿ ಚಾಲೂ ಇರಬೇಕು, ಕರೆಂಟ್ ಹೋಗಬಾರದು. ಅದು ಸರ್ವರ್. ಅದರಲ್ಲಿ ನಿಮಗೆ ಜಾಗ ಬಾಡಿಗೆಗೆ ಕೊಡುವುದು ಹೋಸ್ಟಿಂಗ್. ಆ ಬಾಡಿಗೆ ಜಾಗದೊಳಗೆ ಫೈಲ್ ಹಾಕಲು, ತೆಗೆಯಲು, ಇಮೇಲ್ ಮಾಡಿಕೊಳ್ಳಲು ಗುಂಡಿಗಳಿರುವ ಒಂದು ಪುಟ ಕೊಡುತ್ತಾರೆ. ಸಿಪ್ಯಾನೆಲ್ ಅಂಥದ್ದೊಂದು. ಎಲ್ಲಾ ಕಡೆ ಅದೇ ಇರಬೇಕು ಅಂತಿಲ್ಲ.

ಈಗ ಮುಖ್ಯವಾದ ಮಾತು. ಹೆಸರು, ಜಾಗ, ಆ ಜಾಗದಲ್ಲಿರುವ ಪುಟಗಳು, ಈ 3 ಬೇರೆ ಬೇರೆ. ಬೇರೆ ಬೇರೆ ಕಂಪನಿಯಲ್ಲಿ ಇರಬಹುದು, ಬೇರೆ ಬೇರೆ ದಿನ ಅವಧಿ ಮುಗಿಯಬಹುದು. ಮಾಡಿಕೊಡುವವರು ಎಲ್ಲಾ ಸೇರಿಸಿ "ಸೈಟ್ ದುಡ್ಡು" ಅಂತ ಒಂದೇ ಮೊತ್ತ ಹೇಳುತ್ತಾರೆ, ಅಲ್ಲೇ ಎಲ್ಲರಿಗೂ ಗೊಂದಲ ಆಗುವುದು.

ಡೊಮೈನ್ ಕೊಂಡೆ ಅನ್ನುತ್ತಾರೆ, ನಿಜವಾಗಿ ಅದು ಗೇಣಿ. ವರ್ಷದ ಲೆಕ್ಕ, ಡಾಟ್ ಕಾಮ್ ಆದರೆ ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ಕಟ್ಟಬಹುದು. ಗೇಣಿ ಯಾರ ಹೆಸರಿನಲ್ಲಿದೆ ಅನ್ನುವುದಕ್ಕೆ ಪಹಣಿಯಂಥ ದಾಖಲೆ ಇರುತ್ತದೆ. ಉಳುವವನೇ ಹೊಲದೊಡೆಯ ಅನ್ನುವುದು ಇಲ್ಲಿ ನಡೆಯುವುದಿಲ್ಲ. ನೀವು 5 ವರ್ಷ ದುಡ್ಡು ಕೊಟ್ಟಿರಬಹುದು, ಗಿಡ ನಿಮ್ಮದೇ, ಫೋಟೋ ನಿಮ್ಮದೇ ಇರಬಹುದು, ಆ ದಾಖಲೆಯಲ್ಲಿ ಹುಡುಗನ ಹೆಸರು ಮತ್ತು ಹುಡುಗನ ಇಮೇಲ್ ಇದ್ದರೆ ಅದು ಹುಡುಗನದು. ಅದನ್ನೇ ಮೊದಲು ನೋಡಬೇಕು.

ಮೈಸೂರು_ವೆಬ್:

ಕೆಳಗಿನಮನೆಯವರು ಹೇಳಿದ್ದು ಸರಿಯಾಗಿದೆ. ನಾನು ಸಣ್ಣ ಅಂಗಡಿಗಳಿಗೆ ಸೈಟ್ ಮಾಡಿಕೊಡುವವಳು. ಹೀಗೆ ಹೆಸರು ಕಳೆದುಕೊಂಡವರು ನನ್ನ ಹತ್ತಿರ ಬಂದಾಗೆಲ್ಲ ಸಂಕಟವಾಗುತ್ತದೆ. ಮಾಡಿಕೊಟ್ಟವರದ್ದು ಎಷ್ಟೋ ಸಲ ಕೆಟ್ಟ ಮನಸ್ಸು ಇರುವುದಿಲ್ಲ, ಬೇಗ ಮುಗಿಯಲಿ ಅಂತ ತಮ್ಮದೇ ಖಾತೆಯಲ್ಲಿ ಮಾಡಿರುತ್ತಾರೆ, ಆಮೇಲೆ ಕೆಲಸ ಬಿಟ್ಟು ಎಲ್ಲೋ ಹೋಗಿರುತ್ತಾರೆ. ತೊಂದರೆ ಮಾತ್ರ ಅಂಗಡಿಯವರಿಗೆ.

ಸಸಿತೋಟ ಅವರೇ, ಹೀಗೆ ಮಾಡಿ. ಐಕ್ಯಾನ್ (ICANN) ಅಂತ ಒಂದು ಸಂಸ್ಥೆ ಇದೆ, 1998ರಲ್ಲಿ ಶುರುವಾದದ್ದು, ಇಡೀ ಜಗತ್ತಿನ ಡೊಮೈನ್ ವ್ಯವಸ್ಥೆಯ ಉಸ್ತುವಾರಿ ಅದರದ್ದು. ಅವರ ಸೈಟಿನಲ್ಲಿ ಲುಕಪ್ ಅನ್ನುವ ಪುಟ ಇದೆ. ಅಲ್ಲಿ ನಿಮ್ಮ ಡೊಮೈನ್ ಹೆಸರು ಹಾಕಿ. ದುಡ್ಡು ಕೊಡಬೇಕಿಲ್ಲ. 3 ವಿಷಯ ನೋಡಿಕೊಂಡು ಬರೆಯಿರಿ: ರಿಜಿಸ್ಟ್ರಾರ್ ಯಾರು, ಎಕ್ಸ್‌ಪೈರಿ ದಿನಾಂಕ ಎಷ್ಟು, ಸ್ಟೇಟಸ್ ಅಂತ ಏನಿದೆ. ರಿಜಿಸ್ಟ್ರಾರ್ ಅಂದರೆ ಹೆಸರನ್ನು ಕೊಟ್ಟ ಕಂಪನಿ. ಮಾಲೀಕರ ಹೆಸರು, ಇಮೇಲ್ ಈಗ ಸಾಮಾನ್ಯವಾಗಿ ಮುಚ್ಚಿರುತ್ತಾರೆ, ಅದು ಕಾಣದಿದ್ದರೆ ಗಾಬರಿಯಾಗಬೇಡಿ.

ಸಸಿತೋಟ:

ನೋಡಿದೆ ಅಕ್ಕ. ರಿಜಿಸ್ಟ್ರಾರ್ ಹೆಸರು ಸಿಕ್ಕಿತು. ಸ್ಟೇಟಸ್‌ನಲ್ಲಿ "ಆಟೋ ರಿನ್ಯೂ ಪೀರಿಯಡ್" ಅಂತಿದೆ. ಆದರೆ ಎಕ್ಸ್‌ಪೈರಿ ದಿನಾಂಕ ಮುಂದಿನ ವರ್ಷದ್ದು ತೋರಿಸುತ್ತಿದೆ! ಹಾಗಾದರೆ ಮುಗಿದೇ ಇಲ್ಲ ಅಂತ ಅಲ್ವಾ?

ಮೈಸೂರು_ವೆಬ್:

ಇಲ್ಲ, ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಡಾಟ್ ಕಾಮ್‌ನಲ್ಲಿ ಅವಧಿ ಮುಗಿದ ಕೂಡಲೇ ರಿಜಿಸ್ಟ್ರಾರ್‌ಗಿಂತ ಮೇಲಿರುವ ನೋಂದಣಿ ಕಚೇರಿ ತಾನಾಗಿಯೇ ದಿನಾಂಕವನ್ನು 1 ವರ್ಷ ಮುಂದೂಡಿ, ಅದರ ದುಡ್ಡನ್ನು ರಿಜಿಸ್ಟ್ರಾರ್ ಲೆಕ್ಕಕ್ಕೆ ಹಾಕುತ್ತದೆ. ಹೆಸರು ಉಳಿಸಿಕೊಳ್ಳಬೇಕೋ, ಬಿಟ್ಟು ಆ ದುಡ್ಡು ವಾಪಸ್ ಪಡೆಯಬೇಕೋ ಅಂತ ರಿಜಿಸ್ಟ್ರಾರ್ ತೀರ್ಮಾನಿಸಲು 45 ದಿನದವರೆಗೆ ಸಮಯ. ಆ ಸಮಯದ ಹೆಸರೇ ನಿಮಗೆ ಕಂಡ ಸ್ಟೇಟಸ್. ಅಂದರೆ ನಿಮ್ಮದು ಮುಗಿದಿದೆ, ಕಟ್ಟಿಲ್ಲ, ಆದರೆ ಇನ್ನೂ ಮಾಮೂಲಿ ದರದಲ್ಲೇ ಉಳಿಸಿಕೊಳ್ಳುವ ಸಾಧ್ಯತೆ ಇದೆ. 3 ವಾರ ಆಯಿತು ಅಂದಿರಿ. ಹೆಚ್ಚೆಂದರೆ ಇನ್ನು 3 ವಾರ ಸಮಯ. ಕೆಲವು ರಿಜಿಸ್ಟ್ರಾರ್ ಇದಕ್ಕೂ ಮೊದಲೇ ಬಿಟ್ಟುಬಿಡುತ್ತಾರೆ ಅಥವಾ ಹರಾಜಿಗೆ ಇಡುತ್ತಾರೆ, ಹಾಗಾಗಿ ಇವತ್ತೇ ಓಡಾಡಿ.

ಇದು ದಾಟಿದರೆ "ರಿಡೆಂಪ್ಶನ್" ಅಂತ 30 ದಿನ ಬರುತ್ತದೆ. ಆಗಲೂ ಹಳೇ ಮಾಲೀಕರು ಬಿಡಿಸಿಕೊಳ್ಳಬಹುದು, ಆದರೆ ಮಾಮೂಲಿ ದರದ ಹಲವು ಪಟ್ಟು ಕೇಳುತ್ತಾರೆ. ಅದೂ ದಾಟಿದರೆ 5 ದಿನ "ಪೆಂಡಿಂಗ್ ಡಿಲೀಟ್", ಆಗ ಯಾರೂ ಏನೂ ಮಾಡಲಾಗದು. ಆಮೇಲೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಹಳೇ ಹೆಸರುಗಳನ್ನು ಕಾದು ಹಿಡಿಯುವವರೇ ಇದ್ದಾರೆ.

ಹುಡುಗನ ಮನೆಯವರನ್ನು ಹುಡುಕಿ. ಫೋನ್ ಬೇಡ, ಮನೆಗೇ ಹೋಗಿ.

ಶಾಲೆಮೇಷ್ಟ್ರು:

ನಡುವೆ ಒಂದು ಪ್ರಶ್ನೆ ಕೇಳಬಹುದಾ. ನಿವೃತ್ತ ಕನ್ನಡ ಮೇಷ್ಟ್ರು ನಾನು. ಇಂಟರ್ನೆಟ್ ಬೇರೆ, ವೆಬ್ ಬೇರೆ ಅಂತ ಮೊಮ್ಮಗ ಹೇಳುತ್ತಾನೆ. ಎರಡೂ ಒಂದೇ ಅಂತ ನಾನು ತಿಳಿದಿದ್ದೆ.

ಕೆಳಗಿನಮನೆ:

ಮೊಮ್ಮಗ ಹೇಳಿದ್ದು ಸರಿ ಮೇಷ್ಟ್ರೇ. ಕಂಪ್ಯೂಟರುಗಳನ್ನು ಜೋಡಿಸಿದ ದಾರಿ ಇಂಟರ್ನೆಟ್. ಆ ದಾರಿಯಲ್ಲಿ ಓಡಾಡುವ ಹಲವು ಗಾಡಿಗಳಲ್ಲಿ ವೆಬ್ ಒಂದು, ಇಮೇಲ್ ಇನ್ನೊಂದು, ವಾಟ್ಸಾಪ್ ಮತ್ತೊಂದು. ದಾರಿ ಮೊದಲೇ ಇತ್ತು. ವೆಬ್ ಬಂದದ್ದು ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ, ಟಿಮ್ ಬರ್ನರ್ಸ್ ಲೀ 1989ರಲ್ಲಿ ಅದರ ಯೋಜನೆ ಬರೆದುಕೊಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಲಿ ಅಂತ ಬಿಟ್ಟುಕೊಟ್ಟಿತು. ಇವತ್ತು ಸಾಗರದ ನರ್ಸರಿಯೂ ತನ್ನ ಪುಟ ಹಾಕಬಹುದು ಅಂದರೆ ಅದಕ್ಕೆ ಆ ತೀರ್ಮಾನವೂ ಕಾರಣ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ.

ವೆಬ್ ಪುಟಗಳನ್ನು ತೆರೆದು ತೋರಿಸುವ ಆ್ಯಪ್ ಬ್ರೌಸರ್, ಅಂದರೆ ಕ್ರೋಮ್, ಫೈರ್‌ಫಾಕ್ಸ್ ಇತ್ಯಾದಿ. ಗೂಗಲ್ ಸರ್ಚ್ ಅನ್ನುವುದು ಬ್ರೌಸರ್ ಒಳಗೆ ತೆರೆಯುವ ಒಂದು ಸೈಟ್, ಅದು ಬೇರೆ ಸೈಟುಗಳನ್ನು ಹುಡುಕಿಕೊಡುತ್ತದೆ. ಇವೆರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ, ಅದರಿಂದ ನಿಜವಾಗಿಯೂ ತೊಂದರೆ ಆಗುತ್ತದೆ.

ದೋಹಾದಿಂದ:

ತೊಂದರೆ ಏನು ಅಂತ ನಾನು ಹೇಳುತ್ತೇನೆ, ನಮ್ಮ ಮನೆಯಲ್ಲೇ ಆಗಿದ್ದು. ನಾನು ಇಲ್ಲಿ ಕತಾರ್‌ನಲ್ಲಿ, ಅಮ್ಮ ಕುಂದಾಪುರದಲ್ಲಿ. ಅಮ್ಮ ಬ್ಯಾಂಕಿನ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಬಂದದ್ದನ್ನು ಒತ್ತಿದರು. ಪುಟ ನೋಡಲು ಬ್ಯಾಂಕಿನ ಹಾಗೇ ಇತ್ತು, ಬಣ್ಣ, ಲಾಂಛನ ಎಲ್ಲಾ. ಕಸ್ಟಮರ್ ಐಡಿ ಹಾಕುವ ಮುಂಚೆ ವಿಡಿಯೋ ಕಾಲ್‌ನಲ್ಲಿ ನನಗೆ ತೋರಿಸಿದರು, ಅದರಿಂದ ಉಳಿಯಿತು. ವಿಳಾಸದಲ್ಲಿ ಬ್ಯಾಂಕಿನ ಹೆಸರು ಶುರುವಿನಲ್ಲೇ ಇತ್ತು, ಆದರೆ ಕೊನೆಯಲ್ಲಿ ಬೇರೆ ಏನೋ ಇತ್ತು. "ಬೀಗದ ಗುರುತು ಇದೆಯಲ್ಲ ಮಗ" ಅಂತ ಅಮ್ಮ ಕೇಳಿದರು. ಅದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಆ ಬೀಗ ಏನು ಹೇಳುತ್ತದೆ?

ಕೆಳಗಿನಮನೆ:

ಅಮ್ಮ ತೋರಿಸಿದ್ದು ದೊಡ್ಡ ವಿಷಯ. ಬೀಗ ಹೇಳುವುದು ಇಷ್ಟೇ: ನಿಮ್ಮ ಫೋನಿಗೂ ಆ ಸರ್ವರಿಗೂ ನಡುವೆ ನಡೆಯುವ ಮಾತನ್ನು ದಾರಿಯಲ್ಲಿ ಬೇರೆಯವರು ಓದಲಾಗದು. ಆ ಸರ್ವರ್ ಒಳ್ಳೆಯವರದ್ದೋ ಕಳ್ಳರದ್ದೋ ಅಂತ ಬೀಗ ಹೇಳುವುದಿಲ್ಲ. ಲಕೋಟೆ ಅಂಟಿಸಿದೆ ಅಂದ ಮಾತ್ರಕ್ಕೆ ಕಾಗದ ಬರೆದವರು ಯಾರು ಅಂತ ತಿಳಿಯುವುದಿಲ್ಲ ಅಲ್ವಾ. ಕಳ್ಳರ ಸೈಟಿಗೂ ಬೀಗ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆ ಅಂತಲೇ ಕ್ರೋಮ್ 2023ರಲ್ಲಿ ಬೀಗದ ಚಿತ್ರ ತೆಗೆದು ಬೇರೆ ಗುರುತು ಹಾಕಿತು.

ಸಸಿತೋಟ ಅವರು ಕೇಳಿದ ಎಸ್‌ಎಸ್‌ಎಲ್ ಅಂದರೂ ಇದೇ. ಸೈಟಿಗೆ ಒಂದು ಪ್ರಮಾಣಪತ್ರ ಹಾಕಿದರೆ ವಿಳಾಸ ಎಚ್‌ಟಿಟಿಪಿ ಇದ್ದದ್ದು ಎಚ್‌ಟಿಟಿಪಿಎಸ್ ಆಗುತ್ತದೆ. ಇದಕ್ಕೆ ದುಡ್ಡು ಬೇಕಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸೇವಾ ಸಂಸ್ಥೆ ಪುಕ್ಕಟೆ ಕೊಡುತ್ತದೆ, ಹೆಚ್ಚಿನ ಹೋಸ್ಟಿಂಗ್‌ನವರು ಅಂಥದ್ದನ್ನು ತಾವೇ ಹಾಕಿ, ಅವಧಿ ಮುಗಿಯುವ ಮುಂಚೆ ತಾನಾಗಿ ನವೀಕರಣ ಆಗುವ ಹಾಗೆ ಮಾಡಿರುತ್ತಾರೆ. ನರ್ಸರಿ ಸೈಟಿಗೆ "ಎಸ್‌ಎಸ್‌ಎಲ್‌ಗೆ ಇಷ್ಟು ಸಾವಿರ" ಅಂತ ಯಾರಾದರೂ ಬಿಲ್ ಹಾಕಿದರೆ ಯಾಕೆ ಅಂತ ಕೇಳಿ.

ವಿಳಾಸವನ್ನು ಬಲಗಡೆಯಿಂದ ಓದಬೇಕು. ಇದೊಂದು ಅಭ್ಯಾಸ ಮನೆಯವರಿಗೆಲ್ಲ ಕಲಿಸಿ. ಪಹಣಿ ನೋಡುವ ಸೈಟನ್ನೇ ತೆಗೆದುಕೊಳ್ಳಿ: ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್. ಶುರುವಿನ ಎಚ್‌ಟಿಟಿಪಿಎಸ್ ಪಕ್ಕದ ಎರಡನ್ನು ಬಿಟ್ಟು ಮೊದಲ ಓರೆಗೆರೆ (/) ಎಲ್ಲಿದೆ ನೋಡಿ, ಅದರ ಎಡಗಡೆಯದ್ದು ಮಾತ್ರ ಸೈಟಿನ ಹೆಸರು, ಬಲಗಡೆಯದ್ದು ಒಳಗಿನ ಪುಟ. ಈಗ ಬಲದಿಂದ ಬನ್ನಿ. ಇನ್, ಅಂದರೆ ಭಾರತದ ಪಟ್ಟಿ. ಗವ್, ಇದು ಸರ್ಕಾರಕ್ಕೆ ಮಾತ್ರ ಕೊಡುವುದು. ಕರ್ನಾಟಕ, ಆ ಸರ್ಕಾರಗಳಲ್ಲಿ ನಮ್ಮದು. ಲ್ಯಾಂಡ್‌ರೆಕಾರ್ಡ್ಸ್ ಅನ್ನುವುದು ಕರ್ನಾಟಕದವರು ತಮ್ಮ ಹೆಸರಿನ ಮುಂದೆ ತಾವೇ ಸೇರಿಸಿಕೊಂಡ ಉಪನಾಮ, ಇದಕ್ಕೆ ಸಬ್‌ಡೊಮೈನ್ ಅನ್ನುತ್ತಾರೆ. ಸಬ್‌ಡೊಮೈನ್ ಏನು ಬೇಕಾದರೂ ಇಟ್ಟುಕೊಳ್ಳಬಹುದು, ಯಾರೂ ಕೇಳುವುದಿಲ್ಲ. ಕಳ್ಳರು ಆಟ ಆಡುವುದು ಅಲ್ಲೇ. ಬ್ಯಾಂಕಿನ ಹೆಸರನ್ನು ಎಡಗಡೆ ಉಪನಾಮವಾಗಿ ಹಾಕಿ, ಬಲಗಡೆ ತಮ್ಮ ಡೊಮೈನ್ ಇಡುತ್ತಾರೆ. ಕಣ್ಣು ಎಡದಿಂದ ಓದುವುದರಿಂದ ಬ್ಯಾಂಕೇ ಕಾಣುತ್ತದೆ.

ಇದಕ್ಕಾಗಿಯೇ ರಿಸರ್ವ್ ಬ್ಯಾಂಕ್ ನಮ್ಮ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರ ಒಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಅಂತ ಮುಗಿಯುವ ಹೆಸರಿಗೆ ಬದಲಾಗಬೇಕು ಅಂತ ಹೇಳಿತ್ತು. ಅದು ಬ್ಯಾಂಕುಗಳಿಗೆ ಮಾತ್ರ ಸಿಗುವ ಹೆಸರು. ಅಮ್ಮನಿಗೆ "ಸೈಟಿನ ಹೆಸರಿನ ಕೊನೆಯಲ್ಲಿ ಡಾಟ್ ಬ್ಯಾಂಕ್ ಡಾಟ್ ಇನ್ ಇದೆಯಾ ನೋಡು, ಬ್ಯಾಂಕ್ ಹಿಂದಿನ ಚುಕ್ಕಿಯೂ ಇರಬೇಕು" ಅಂತ ಹೇಳಿಬಿಡಿ.

ಶಾಲೆಮೇಷ್ಟ್ರು:

ಬಲದಿಂದ ಓದುವುದು ಈಗ ತಿಳಿಯಿತು, ಉಪಕಾರ. ನನ್ನ ನಿಜವಾದ ಪ್ರಶ್ನೆ ಇನ್ನೊಂದಿದೆ. ನಮ್ಮ ಊರಿನ ಶಾಲೆಯ ಸ್ಮರಣ ಸಂಚಿಕೆ ನನ್ನ ಹತ್ತಿರ ಕಂಪ್ಯೂಟರ್ ಫೈಲ್‌ನಲ್ಲಿದೆ, ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದು. 140 ಪುಟ. ಅದನ್ನು ವೆಬ್‌ನಲ್ಲಿ ಹಾಕೋಣ ಅಂತ ಹೊರಟರೆ ಬರೀ ಇಂಗ್ಲಿಷ್ ಅಕ್ಷರಗಳ ಮೇಲೆ ಗೆರೆ ಚುಕ್ಕಿ ಬರುತ್ತದೆ, ಕನ್ನಡವೇ ಇಲ್ಲ. ಅಷ್ಟೂ ಮತ್ತೆ ಟೈಪ್ ಮಾಡಬೇಕಾ?

ಮೈಸೂರು_ವೆಬ್:

ಮಾಡಬೇಡಿ ಮೇಷ್ಟ್ರೇ! ಒಂದಕ್ಷರವೂ ಹೋಗಿಲ್ಲ.

ಆಗಿದ್ದು ಇದು. ಹಳೇ ನುಡಿ, ಬರಹ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಕನ್ನಡ ಇರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಿದ್ದರು. ನೀವು "ಕನ್ನಡ" ಅಂತ ಟೈಪ್ ಮಾಡಿದಾಗ ಫೈಲ್ ಒಳಗೆ ಕೂತದ್ದು ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನರ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೆ ಎ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಇದೇ "ಕನ್ನಡ" ಅಂತ ಕಾಣುತ್ತದೆ, ಇಲ್ಲದ ಕಡೆ ಇದ್ದದ್ದು ಇದ್ದ ಹಾಗೆ ಕಾಣುತ್ತದೆ. ಇಂಥ ಪುಟವನ್ನು ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೂ ಸಿಗುವುದಿಲ್ಲ, ಯಾಕೆಂದರೆ ಅದರೊಳಗೆ ಕನ್ನಡ ಇಲ್ಲ.

ಯೂನಿಕೋಡ್ ಅಂದರೆ ಜಗತ್ತಿನ ಲಿಪಿಗಳ ಅಕ್ಷರಗಳಿಗೆ ನಂಬರ್ ಕೊಟ್ಟ ಪಟ್ಟಿ, ಅದರಲ್ಲಿ ನಮ್ಮ ಪ್ರತಿ ಅಕ್ಷರಕ್ಕೂ ಅದರದೇ ನಂಬರ್ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಅದೇ "ಕನ್ನಡ" ಪದ ಯೂನಿಕೋಡ್‌ನಲ್ಲಿ 5 ತುಂಡು: ಕ, ನ, ಹಲಂತದ ಗುರುತು, ನ, ಡ. ಈ ನಂಬರ್‌ಗಳನ್ನು ಫೈಲ್ ಒಳಗೆ ಬರೆದಿಡಲು ವೆಬ್‌ನಲ್ಲಿ ಬಳಸುವ ಪದ್ಧತಿಯೇ ಯುಟಿಎಫ್-8. ಒತ್ತಕ್ಷರ ಸೇರಿಸಿ ತೋರಿಸುವುದು ಫಾಂಟಿನ ಕೆಲಸ. ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ನುಡಿ ತಂತ್ರಾಂಶದ ಹೊಸ ಆವೃತ್ತಿಗಳೂ ಯೂನಿಕೋಡ್ ಬರೆಯುತ್ತವೆ. 140 ಪುಟ ಒಂದು ಮಧ್ಯಾಹ್ನದ ಕೆಲಸ. ಅರ್ಕಾವೊತ್ತು ಇರುವ ಪದಗಳು, ನಡುನಡುವೆ ಬಂದ ಇಂಗ್ಲಿಷ್ ಪದಗಳು ಕೆಟ್ಟಿರುತ್ತವೆ, ಅವನ್ನು ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ನಿಮಗೆ ಕಷ್ಟ ಆದರೆ ಹೇಳಿ, ನಾನೇ ಮಾಡಿಕೊಡುತ್ತೇನೆ. ಶಾಲೆಯ ಸಂಚಿಕೆ ಯಾವುದೋ ಫೈಲ್‌ನಲ್ಲಿ ಕೊಳೆಯಬಾರದು.

ಸಸಿತೋಟ:

ಮೇಷ್ಟ್ರ ಪ್ರಶ್ನೆ ಓದಿ ನನಗೂ ಒಂದು ಹೊಳೆಯಿತು, ವಿಳಾಸವೇ ಕನ್ನಡದಲ್ಲಿ ಇರಬಹುದಾ? ಅಪ್ಪನಿಗೆ ಓದಲಿಕ್ಕೆ ಸುಲಭ.

ಇನ್ನು ಮುಖ್ಯ ವಿಷಯ. ನಿನ್ನೆ ಹುಡುಗನ ಮನೆಗೆ ಹೋಗಿದ್ದೆ. ಅವನು 7 ತಿಂಗಳ ಹಿಂದೆ ಕೆಲಸಕ್ಕೆ ವಿದೇಶಕ್ಕೆ ಹೋಗಿದ್ದಾನೆ, ನಂಬರ್ ಬದಲಾಗಿದೆ. ಅವನ ತಾಯಿಯೇ ವಾಟ್ಸಾಪ್‌ನಲ್ಲಿ ಹಿಡಿದುಕೊಟ್ಟರು. ಪಾಪ, ಅವನಿಗೆ ತುಂಬಾ ಬೇಜಾರಾಯಿತು. ಅವಧಿ ಮುಗಿಯುತ್ತದೆ ಅಂತ ಬರುತ್ತಿದ್ದ ಇಮೇಲ್‌ಗಳೆಲ್ಲ ಅವನು ಬಿಟ್ಟುಹೋದ ಹಳೇ ಇಮೇಲ್‌ಗೆ ಹೋಗುತ್ತಿದ್ದವಂತೆ. ಇವತ್ತು ರಾತ್ರಿ ಲಾಗಿನ್ ಮಾಡಿ ಕೊಡುತ್ತೇನೆ ಅಂದ. ಹೋಸ್ಟಿಂಗ್ ಕೂಡ ಮುಗಿದಿದೆ, ಅಲ್ಲಿನ ಫೈಲ್ ಉಳಿದಿಲ್ಲ ಅಂದ. ಈಗ ಏನು ಕೇಳಿ ತೆಗೆದುಕೊಳ್ಳಬೇಕು?

ಮೈಸೂರು_ವೆಬ್:

ಒಳ್ಳೆಯದಾಯಿತು. ಈ ಕ್ರಮದಲ್ಲೇ ಮಾಡಿ. ಮೊದಲು ಅವನ ಖಾತೆಯಲ್ಲೇ ನವೀಕರಣದ ದುಡ್ಡು ಕಟ್ಟಿ. ಕಟ್ಟಿದ ಮೇಲೆ ನೀವು ಅದೇ ರಿಜಿಸ್ಟ್ರಾರ್ ಹತ್ತಿರ ನಿಮ್ಮದೇ ಖಾತೆ ತೆರೆಯಿರಿ, ಅಪ್ಪನ ಹೆಸರು ಇಲ್ಲವೇ ನರ್ಸರಿ ಹೆಸರಿನಲ್ಲಿ, ನೀವು ದಿನಾ ನೋಡುವ ಇಮೇಲ್ ಕೊಟ್ಟು. ಆ ಇಮೇಲ್ ಆ ಡೊಮೈನ್‌ನದ್ದೇ ಆಗಿರಬಾರದು, ಡೊಮೈನ್ ನಿಂತರೆ ಇಮೇಲೂ ನಿಲ್ಲುತ್ತದೆ. ಅವನ ಖಾತೆಯಿಂದ ನಿಮ್ಮ ಖಾತೆಗೆ ಹೆಸರನ್ನು ದಾಟಿಸಲು ಹೇಳಿ. ಒಂದೇ ಕಂಪನಿಯೊಳಗೆ ಇದು ಸುಲಭ. ಬೇರೆ ಕಂಪನಿಗೆ ಹೋಗಬೇಕಾದರೆ ಮಾತ್ರ "ಆಥ್ ಕೋಡ್" ಅನ್ನುವ ಗುಟ್ಟಿನ ಅಕ್ಷರಗಳು ಬೇಕು, ಈಗ ಆ ಗೋಜು ಬೇಡ. ದಾಟಿದ ಮೇಲೆ ಮಾಲೀಕರ ವಿವರದಲ್ಲಿ ಹೆಸರು ಬದಲಾಗಿದೆಯಾ ಅಂತ ನೀವೇ ತೆರೆದು ನೋಡಿ.

ಹೋದ ಫೈಲ್‌ಗೆ ಇಂಟರ್ನೆಟ್ ಆರ್ಕೈವ್ ನೋಡಿ. ಅದು 1996ರಿಂದ ಜಗತ್ತಿನ ಪುಟಗಳ ಪ್ರತಿ ತೆಗೆದಿಡುತ್ತಾ ಬಂದಿದೆ, ಅವನ್ನು ತೆಗೆದು ತೋರಿಸುವುದು ಅದರ ವೇಬ್ಯಾಕ್ ಮೆಷಿನ್. ನಿಮ್ಮ ಡೊಮೈನ್ ಹಾಕಿದರೆ ಹಳೇ ಪುಟ ಸಿಗುವ ಸಾಧ್ಯತೆ ಚೆನ್ನಾಗಿದೆ.

ಕನ್ನಡದ ವಿಳಾಸ ಇದೆ. ಡಾಟ್ ಭಾರತ ಅನ್ನುವುದು ಕನ್ನಡ ಲಿಪಿಯಲ್ಲೇ ಸಿಗುತ್ತದೆ. ಯಂತ್ರಗಳು ಅದನ್ನು ಒಳಗೊಳಗೆ ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿಕೊಳ್ಳುತ್ತವೆ, "ಭಾರತ" ಅನ್ನುವುದು ಎಕ್ಸ್‌ಎನ್, 2 ಅಡ್ಡಗೆರೆ, 2ಎಸ್‌ಸಿಆರ್‌ಜೆ9ಸಿ ಆಗುತ್ತದೆ. ಹಾಗಾಗಿ ಎಲ್ಲೋ ಕಾಪಿ ಮಾಡಿ ಹಾಕಿದಾಗ ಹೀಗೆ ಕಂಡರೆ ಗಾಬರಿ ಬೇಡ. ಇದ್ದ ಡಾಟ್ ಕಾಮ್ ಉಳಿಸಿಕೊಂಡು ಇದನ್ನೂ ಅದಕ್ಕೇ ಜೋಡಿಸಬಹುದು.

ಘಟ್ಟದಕೆಳಗೆ:

ಹೊಸ ಸೈಟಿಗೆ ವರ್ಡ್‌ಪ್ರೆಸ್ ಅಂತ ಸೈಟ್ ಕಟ್ಟುವ ತಂತ್ರಾಂಶ ಇದೆ, ಅದನ್ನು ಹಾಕಿ, ಅಪ್ಪನೇ ಬದಲಾಯಿಸಿಕೊಳ್ಳಬಹುದು. 2003ರಿಂದ ಇದೆ, ಪುಕ್ಕಟೆ, ಕಲಿಸಿಕೊಡುವವರು ಎಲ್ಲಾ ಊರಲ್ಲೂ ಸಿಗುತ್ತಾರೆ. ಒಂದು ಮಾತ್ರ ಗಮನಿಸಿ, ವರ್ಡ್‌ಪ್ರೆಸ್ ಡಾಟ್ ಕಾಮ್ ಅನ್ನುವುದು ಹೋಸ್ಟಿಂಗನ್ನೂ ಸೇರಿಸಿ ಕೊಡುವ ಸೇವೆ, ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ನಾವೇ ನಮ್ಮ ಜಾಗದಲ್ಲಿ ಹಾಕಿಕೊಳ್ಳುವ ತಂತ್ರಾಂಶ.

ಕೆಳಗಿನಮನೆ:

ವರ್ಡ್‌ಪ್ರೆಸ್ ಒಳ್ಳೆಯದೇ, ದಿನಾ ಬರೆಯುವವರಿಗೆ. ಆದರೆ ಅದು ತಿಂಗಳು ತಿಂಗಳು ಅಪ್‌ಡೇಟ್ ಕೇಳುತ್ತದೆ, ಪ್ಲಗಿನ್ ಅಂತ ಸೇರಿಸಿದ ತುಣುಕುಗಳನ್ನು ಹಾಗೇ ಬಿಟ್ಟರೆ ಅಲ್ಲಿಂದಲೇ ಒಳಗೆ ನುಗ್ಗುತ್ತಾರೆ. ಯಾರೂ ನೋಡಿಕೊಳ್ಳದೆ ಬಿಟ್ಟ ವರ್ಡ್‌ಪ್ರೆಸ್ ಸೈಟುಗಳನ್ನು ಶುಚಿ ಮಾಡುವುದರಲ್ಲಿ ನನ್ನ ಎಷ್ಟೋ ಶನಿವಾರ ಹೋಗಿವೆ. ನರ್ಸರಿಗೆ ಬೇಕಾದದ್ದು ಏನು? ಯಾವ ಸಸಿ ಇದೆ, ಬೆಲೆ, ದಾರಿ, ಫೋನ್. ಒಂದೇ ಪುಟ ಸಾಕು. ವರ್ಷಕ್ಕೆ 3 ಸಲ ಬದಲಾಗುತ್ತದೆ. ಇಂಥ ಸುಮ್ನೆ ಇರುವ ಪುಟಕ್ಕೆ ಸ್ಟ್ಯಾಟಿಕ್ ಸೈಟ್ ಅನ್ನುತ್ತಾರೆ. ಗಿಟ್‌ಹಬ್ ಪೇಜಸ್‌ನಂಥ ಕಡೆ ಪುಕ್ಕಟೆ ಇಡಬಹುದು, ನಿಮ್ಮ ಡೊಮೈನನ್ನು ಅದಕ್ಕೆ ಜೋಡಿಸಬಹುದು.

ಪುಟ ಬರೆಯುವುದು ಅಂದರೆ ಏನು ಅಂತ ಒಮ್ಮೆ ನೋಡಿ, ಹೆದರಿಕೆ ಹೋಗುತ್ತದೆ. ಎಚ್‌ಟಿಎಂಎಲ್ ಅಂದರೆ ನಿಮ್ಮ ಮಾತಿಗೆ ಅಲ್ಲಲ್ಲಿ ಚೀಟಿ ಅಂಟಿಸುವುದು. ಕೋನದ ಆವರಣದಲ್ಲಿ ಎಚ್1 ಅಂತ ಚೀಟಿ ಅಂಟಿಸಿ "ಅಪ್ಪೆಮಿಡಿ ಕಸಿ ಗಿಡಗಳು" ಅಂತ ಬರೆದು, ಓರೆಗೆರೆ ಹಾಕಿ ಅದೇ ಚೀಟಿಯಿಂದ ಮುಚ್ಚಿದರೆ ಅದು ತಲೆಬರಹ. ಪಿ ಅಂದರೆ ಪ್ಯಾರಾ. ಐಎಂಜಿ ಅಂದರೆ ಫೋಟೋ. ಎ ಅಂದರೆ ಲಿಂಕ್, ಆ ಲಿಂಕಿನಲ್ಲಿ ಟೆಲ್ ಅಂತ ಬರೆದು ಪಕ್ಕದಲ್ಲಿ ಫೋನ್ ನಂಬರ್ ಹಾಕಿದರೆ, ಬೆರಳು ಒತ್ತಿದ ಕೂಡಲೇ ನರ್ಸರಿಗೆ ಫೋನ್ ಹೋಗುತ್ತದೆ. ನಿಮಗೆ ಎಲ್ಲಕ್ಕಿಂತ ಬೇಕಾದದ್ದು ಇದೇ. ಬಣ್ಣ, ಅಳತೆ, ಅಂತರ ನೋಡಿಕೊಳ್ಳುವುದು ಸಿಎಸ್‌ಎಸ್. ಒತ್ತಿದಾಗ ಏನಾದರೂ ಆಗಬೇಕು ಅಂದರೆ ಜಾವಾಸ್ಕ್ರಿಪ್ಟ್, ನಿಮಗೆ ಅದು ಬೇಡವೇ ಬೇಡ.

ಮೊದಲ ಪುಟದ ಫೈಲ್ ಹೆಸರು ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಅಂತಲೇ ಇರಲಿ. ಪುಟದ ತಲೆಯಲ್ಲಿ ಯುಟಿಎಫ್-8 ಅನ್ನುವ ಸಾಲು ಮರೆಯಬೇಡಿ, ಮರೆತರೆ ಕನ್ನಡ ಕೆಡಬಹುದು. ಫೋಟೋ ಫೈಲಿನ ಹೆಸರು ಪೂರ್ತಿ ಚಿಕ್ಕಕ್ಷರದಲ್ಲಿ ಇಡಿ. ನಿಮ್ಮ ವಿಂಡೋಸ್ ಕಂಪ್ಯೂಟರಿಗೆ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ, ಆದರೆ ಸರ್ವರ್ ಸಾಮಾನ್ಯವಾಗಿ ಲಿನಕ್ಸ್, ಅದಕ್ಕೆ ಬೇರೆ ಬೇರೆ. ಮನೆಯಲ್ಲಿ ಚೆನ್ನಾಗಿ ಕಂಡ ಫೋಟೋ ಸೈಟಿಗೆ ಹಾಕಿದ ಮೇಲೆ ಕಾಣಲಿಲ್ಲ ಅಂದರೆ ಮೊದಲು ಇದನ್ನೇ ನೋಡಿ.

ಇನ್ನೊಂದು, ಮುಂದೆ ಏನಾದರೂ ಕೆಟ್ಟರೆ ಯಾವುದು ಕೆಟ್ಟಿದೆ ಅಂತ ಪುಟವೇ ಹೇಳುತ್ತದೆ. ಸೈಟೇ ಸಿಗಲಿಲ್ಲ, ಡಿಎನ್‌ಎಸ್ ಅಂತ ಬಂದರೆ ಸಾಮಾನ್ಯವಾಗಿ ಹೆಸರಿನ ಸಮಸ್ಯೆ. ಜಾಹೀರಾತು ಬಂದರೆ ಅವಧಿ ಮುಗಿದಿರಬಹುದು. 404 ಅಂದರೆ ಸರ್ವರ್ ಚೆನ್ನಾಗಿದೆ, ನೀವು ಕೇಳಿದ ಪುಟ ಆ ಜಾಗದಲ್ಲಿ ಇಲ್ಲ. 500, 503 ಅಂದರೆ ಸರ್ವರ್ ಕಡೆ ತೊಂದರೆ, ಹೋಸ್ಟಿಂಗ್‌ನವರನ್ನು ಕೇಳಿ. ನಿಮ್ಮ ಸಂಪರ್ಕ ಸುರಕ್ಷಿತವಲ್ಲ ಅಂತ ಬಂದರೆ ಹೆಚ್ಚಾಗಿ ಪ್ರಮಾಣಪತ್ರ ಮುಗಿದಿರುತ್ತದೆ. ಇಷ್ಟು ಗೊತ್ತಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಾಗುತ್ತದೆ.

ಸಸಿತೋಟ:

5 ದಿನ ಆಯಿತು, ಸುದ್ದಿ ಹೇಳಲು ಬಂದೆ. ಹೆಸರು ಬಂತು! ಮಾಮೂಲಿ ದರದಲ್ಲೇ ನವೀಕರಣ ಆಯಿತು. ಈಗ ಮಾಲೀಕರು ಅನ್ನುವ ಕಡೆ ಅಪ್ಪನ ಹೆಸರಿದೆ, ಅಪ್ಪನಿಗೆ ತೋರಿಸಿದೆ. ವೇಬ್ಯಾಕ್‌ನಲ್ಲಿ ಹಳೇ ಪುಟದ ಬರಹ ಪೂರ್ತಿ ಸಿಕ್ಕಿತು, ಫೋಟೋ 7 ಸಿಕ್ಕವು. ಒಂದು ಫೋಟೋದಲ್ಲಿ ಅಜ್ಜಿ ಕಸಿ ಕಟ್ಟುತ್ತಿದ್ದಾರೆ, ಬಾಳೆ ನಾರು ಹಲ್ಲಲ್ಲಿ ಕಚ್ಚಿಕೊಂಡು. ಆ ಫೋಟೋ ನಮ್ಮ ಮನೆಯಲ್ಲಿ ಬೇರೆಲ್ಲೂ ಇರಲಿಲ್ಲ.

ಪುಟ ನಾನೇ ಬರೆದೆ. 12 ಫೋಟೋ ಹಾಕಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿದೆ. ಆದರೆ ತೋಟದಲ್ಲಿ ನಿಂತು ಫೋನಿನಲ್ಲಿ ಗಿಟ್‌ಹಬ್‌ನ ವಿಳಾಸ ತೆಗೆದರೆ ಬರುವುದೇ ಇಲ್ಲ, ಸುತ್ತುತ್ತಲೇ ಇರುತ್ತದೆ.

ಕೆಳಗಿನಮನೆ:

ಒಂದು ಫೋಟೋ ಎಷ್ಟು ಎಂಬಿ ಇದೆ ನೋಡಿ.

ಸಸಿತೋಟ:

4.6 ಎಂಬಿ.

ಕೆಳಗಿನಮನೆ:

12 ಸೇರಿ ಸುಮಾರು 55 ಎಂಬಿ ಆಯಿತು. ಇಲ್ಲೊಂದು ಪದ ತಿಳಿದಿರಲಿ. ಫೋಟೋ ಅಳೆಯುವುದು ಬೈಟ್‌ನಲ್ಲಿ, ನೆಟ್‌ನ ವೇಗ ಹೇಳುವುದು ಬಿಟ್‌ನಲ್ಲಿ, 8 ಬಿಟ್ ಸೇರಿದರೆ 1 ಬೈಟ್. ಮನೆಯಲ್ಲಿ 40 ಎಂಬಿಪಿಎಸ್ ಲೈನ್ ಇದ್ದರೆ ಸೆಕೆಂಡಿಗೆ 5 ಎಂಬಿ ಬರುತ್ತದೆ, 11 ಸೆಕೆಂಡಿನಲ್ಲಿ ಮುಗಿಯುತ್ತದೆ. ತೋಟದಲ್ಲಿ ಸಿಗ್ನಲ್ ಕಡಿಮೆಯಾಗಿ 2 ಎಂಬಿಪಿಎಸ್ ಆದರೆ ಅದೇ ಪುಟಕ್ಕೆ ಮೂರೂವರೆ ನಿಮಿಷದ ಮೇಲೆ ಬೇಕು. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ನಿಮ್ಮ ಗಿರಾಕಿಗಳೂ ತೋಟದಲ್ಲಿ ನಿಂತೇ ನೋಡುವವರು. ಫೋಟೋಗಳ ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ಒಂದೊಂದು 150 ಕೆಬಿ ಒಳಗೆ ಬರಲಿ. ಒಟ್ಟು 2 ಎಂಬಿ ಒಳಗೆ ಮುಗಿಯುತ್ತದೆ, ತೋಟದಲ್ಲೂ 7-8 ಸೆಕೆಂಡು. ದೊಡ್ಡ ಫೋಟೋಗಳನ್ನು ಅಳಿಸಬೇಡಿ, ಅಜ್ಜಿಯ ಫೋಟೋವನ್ನು 2 ಕಡೆ ಇಟ್ಟುಕೊಳ್ಳಿ.

ಸಸಿತೋಟ:

ಇಳಿಸಿದೆ. ಈಗ ಫೋನಿನಲ್ಲಿ ಬೇಗ ಬರುತ್ತಿದೆ. ನಮ್ಮ ಡೊಮೈನನ್ನೂ ಜೋಡಿಸಿದೆ, ಡಿಎನ್‌ಎಸ್‌ನಲ್ಲಿ ಹೆಸರಿಗೆ ನಂಬರ್ ಬರೆಯುವ ಸಾಲು, ಎ ರೆಕಾರ್ಡ್ ಅಂತಾರಲ್ಲ, ಅದರಲ್ಲಿ ಗಿಟ್‌ಹಬ್‌ನ ನಂಬರ್ ಹಾಕಿದೆ. ಆದರೆ ನನ್ನ ಫೋನಿನಲ್ಲಿ ಹೊಸ ಪುಟ, ಅಪ್ಪನ ಫೋನಿನಲ್ಲಿ ಇನ್ನೂ ಹಳೇ ಜಾಹೀರಾತು. ಯಾಕೆ?

ಮೈಸೂರು_ವೆಬ್:

ಅಪ್ಪನ ಫೋನಿನ ನೆಟ್‌ವರ್ಕ್ ಹಳೇ ನಂಬರನ್ನೇ ನೆನಪಿಟ್ಟುಕೊಂಡಿದೆ. ಎಷ್ಟು ಹೊತ್ತು ನೆನಪಿಡಬೇಕು ಅಂತ ಹಳೇ ರೆಕಾರ್ಡ್ ಪಕ್ಕದಲ್ಲಿ ಬರೆದಿತ್ತು, ಅದೇ ಟಿಟಿಎಲ್, ಸೆಕೆಂಡಿನ ಲೆಕ್ಕ. ಎಷ್ಟಿತ್ತು ನೆನಪಿದೆಯಾ?

ಸಸಿತೋಟ:

14400.

ಮೈಸೂರು_ವೆಬ್:

4 ಗಂಟೆ. ಊಟ ಆದ ಮೇಲೆ ನೋಡಿ.

ಸಸಿತೋಟ:

ಬಂತು ಅಕ್ಕ. ಅಪ್ಪನ ಫೋನಿನಲ್ಲೂ ಬಂತು. ಮೇಲೆ ಅಜ್ಜಿಯ ಫೋಟೋ ಇಟ್ಟಿದ್ದೇನೆ.